ಮೈಕಮ್ಮ ತಿನ್ನದ ಬಿಸ್ಕತ್ತು

ಬಸ್ ನಿಲ್ದಾಣದಲ್ಲಿ ಆಕೆಯನ್ನು ಕಂಡವರಿಗಿಂತ ಕೇಳಿದವರೇ ಹೆಚ್ಚು. ವಿಚಾರಣೆ ಕೌಂಟರಿನ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೊಂದು ಗಾಜಿನ ಗೂಡು. ಅದರೊಳಗೆ ಒಂದು ಮೇಜು, ಕತ್ತು ಸೋತ ಟೇಬಲ್ ಫ್ಯಾನು, ಅಂಚು ಸವೆದ ವೇಳಾಪಟ್ಟಿ, ಮೂತಿಗೆ ಕಪ್ಪು ಸ್ಪಂಜು ತೊಟ್ಟ ಮೈಕು. ಇಪ್ಪತ್ತೊಂದು ವರ್ಷ ಆಕೆ ಅಲ್ಲೇ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎಂದು ಹೇಳುತ್ತಾ ಬಂದಳು. ಹೇಳುವ ಮೊದಲು ಒಂದು ಸಲ ಉಗುಳು ನುಂಗಿ, ಗುಂಡಿ ಒತ್ತಿ, ಆಮೇಲೆ ಬಾಯಿ ತೆರೆಯುವುದು ಆಕೆಯ ರೂಢಿ. ಆ ಧ್ವನಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಬಸ್ಸು ತಪ್ಪಿಸಿಕೊಂಡವನಿಗೂ ಅದನ್ನು ಕೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ ಎಂದು ಕಂಡಕ್ಟರುಗಳು ಹೇಳುತ್ತಿದ್ದರು. ಮೈಕಮ್ಮ ಎಂಬ ಹೆಸರು ಇಟ್ಟವರೂ ಅವರೇ. ಸಂಬಳದ ಪಟ್ಟಿ ಬಿಟ್ಟರೆ ಆಕೆಯ ನಿಜವಾದ ಹೆಸರು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಗಂಡ ಅದೇ ನಿಲ್ದಾಣದ ಹಿಂದಿನ ಡಿಪೋದಲ್ಲಿ ಮೆಕ್ಯಾನಿಕ್ಕು. ಎಂಜಿನ್ನಿನ ಗದ್ದಲದಲ್ಲಿ ಮೂವತ್ತು ವರ್ಷ ತಲೆ ತೂರಿಸಿ ಎರಡೂ ಕಿವಿ ಮಂದವಾಗಿದ್ದವು. "ಊರಿಗೆಲ್ಲಾ ಕೇಳಿಸೋ ಹೆಂಡತಿ, ಮನೇಲಿ ಗಂಡನಿಗೇ ಕೇಳಿಸಲ್ಲ" ಎಂದು ಡಿಪೋದವರು ಕಿಚಾಯಿಸುತ್ತಿದ್ದರು. ಅವನು ನಕ್ಕು, "ಅದಕ್ಕೇ ಕಣ್ರೋ ಇಷ್ಟು ವರ್ಷ ಜಗಳ ಇಲ್ಲ" ಅನ್ನುತ್ತಿದ್ದ. ಒಮ್ಮೆ ಯಾರೋ ಬಸ್ಸಿನಲ್ಲಿ ಹಲ್ಲಿನ ಸೆಟ್ಟು ಬಿಟ್ಟು ಹೋಗಿದ್ದರು. ಕಳಕೊಂಡವರು ಕೌಂಟರಿಗೆ ಬಂದು ಗುರುತು ಹೇಳಿ ಪಡೆದುಕೊಳ್ಳಬೇಕು ಎಂದು ಮೈಕಮ್ಮ ಗಂಭೀರವಾಗಿ ಮೂರು ಸಲ ಹೇಳಿದಳು. ಸಂಜೆ ಗಂಡ ಕೇಳಿದ, "ಅಲ್ವೇ, ಹಲ್ಲೇ ಇಲ್ದೋನು ಗುರುತು ಹೇಗೆ ಹೇಳ್ತಾನೆ?" ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಮಕ್ಕಳಿರಲಿಲ್ಲ. ಎರಡು ರಸ್ತೆ ಆಚೆ ತಂಗಿಯ ಮನೆ. ತಂಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಹನ್ನೆರಡು ವರ್ಷದಿಂದ ಕೆಲಸದಲ್ಲಿದ್ದಳು. ಮನೆಯವರ ಪಾಲಿಗೆ ಅವಳೇ ಅರ್ಧ ಡಾಕ್ಟರು. ಯಾರಿಗೆ ತಲೆನೋವು ಬಂದರೂ ಮೊದಲು ಅವಳಿಗೆ ಫೋನು ಹೋಗುತ್ತಿತ್ತು. ಮೈಕಮ್ಮನಿಗಂತೂ ತಂಗಿಯ ಮಾತೆಂದರೆ ಮುಗಿಯಿತು.

ಮೂವತ್ತನಾಲ್ಕನೇ ವಯಸ್ಸಿನಲ್ಲಿ ಆಕೆಗೆ ಅಪೆಂಡಿಕ್ಸು ಒಡೆದಿತ್ತು. ಪಾಳಿ ಮುಗಿಯಲಿ ಎಂದು ನೋವು ಕಚ್ಚಿಕೊಂಡು ಕೂತು ಒಡೆಸಿಕೊಂಡಿದ್ದಳು. ಆಗ ಕೀವು ಹೊಟ್ಟೆಯೆಲ್ಲಾ ಹರಡಿ, ಹೊಕ್ಕಳಿಂದ ಕೆಳಗೆ ಉದ್ದಕ್ಕೂ ಕೊಯ್ದು ತೊಳೆದಿದ್ದರು. ಆ ಗಾಯದ ಗೆರೆ ಉಳಿಯಿತು, ಆಪರೇಷನ್ನಿನ ಭಯ ಅದಕ್ಕಿಂತ ಆಳವಾಗಿ ಉಳಿಯಿತು. ಹದಿಮೂರು ವರ್ಷ ಹೊಟ್ಟೆ ತನ್ನ ಪಾಡಿಗೆ ತಾನಿತ್ತು.

ಒಂದು ಮಂಗಳವಾರ, ಬೆಳಗಿನ ಪಾಳಿಯ ನಡುವೆ, ಹೊಕ್ಕಳ ಸುತ್ತ ನೋವು ಶುರುವಾಯಿತು. ಬರುವುದು, ಹಿಂಡುವುದು, ಹೋಗುವುದು. ಹನ್ನೊಂದರ ಹೊತ್ತಿಗೆ ಹೊಟ್ಟೆ ಡೋಲಿನ ಹಾಗೆ ಉಬ್ಬಿತು. ಮೇಜಿನ ಕೆಳಗಿನ ಕಸದ ಬುಟ್ಟಿಗೆ ಎರಡು ಸಲ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಮತ್ತೆ ಗುಂಡಿ ಒತ್ತಿ ಎಂಟನೇ ಪ್ಲಾಟ್‌ಫಾರ್ಮಿನ ಬಸ್ಸನ್ನು ಹೇಳಿದಳು. ಮುಂದಿನ ಪಾಳಿಯವಳು ಬಂದು ನೋಡಿದಾಗ ಮೈಕಮ್ಮ ಮೇಜಿಗೆ ಹಣೆ ಆನಿಸಿಕೊಂಡು ಕೂತಿದ್ದಳು.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕನೇ ಮಂಚ ಸಿಕ್ಕಿತು. ಕನ್ನಡಕದ ಒಬ್ಬ ಎಳೆಯ ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು ಬಂದು ಸಮಾಧಾನವಾಗಿ ವಿವರಿಸಿದ.

"ಹಳೇ ಆಪರೇಷನ್ ಆದ ಜಾಗದಲ್ಲಿ ಕರುಳು ಒಂದಕ್ಕೊಂದು ಅಂಟಿಕೊಂಡಿದೆಯಮ್ಮ. ಅಲ್ಲೇ ಮಡಚಿ ದಾರಿ ಕಟ್ಟಿಬಿಟ್ಟಿದೆ. ಮೇಲಿಂದ ಬಂದದ್ದು ಕೆಳಗೆ ಹೋಗ್ತಿಲ್ಲ."

"ಕೊಯ್ಯಬೇಕಾ?" ಆಕೆ ಕೇಳಿದ್ದು ಅದೊಂದೇ.

"ಮೊದಲು ಇನ್ನೊಂದು ದಾರಿ ನೋಡೋಣ ಅಂತಾರೆ ದೊಡ್ಡ ಡಾಕ್ಟರು. ಮೂಗಿನಿಂದ ಒಂದು ಉದ್ದ ನಳಿಕೆ ಹಾಕ್ತೀವಿ. ಜಠರ ದಾಟಿಸಿ ಕರುಳಿನ ಬಾಗಿಲ ತನಕ ನಾವು ಬಿಡ್ತೀವಿ. ತುದಿಯಲ್ಲಿ ಚಿಕ್ಕ ಬಲೂನು ಇರುತ್ತೆ. ಊಟ ಅಂದ್ಕೊಂಡು ಕರುಳೇ ಅದನ್ನ ಮುಂದಕ್ಕೆ ಎಳ್ಕೊಂಡು ಹೋಗುತ್ತೆ. ಕಟ್ಟಿದ ನೀರು, ಗಾಳಿ ಎಲ್ಲಾ ಹೊರಗೆ ಬಂದ್ರೆ ಊತ ಇಳಿದು ಮಡಿಕೆ ತಾನೇ ಬಿಚ್ಚಿಕೊಳ್ಳಬಹುದು."

ಕೊಯ್ಯುವುದಿಲ್ಲ ಎಂದದ್ದೇ ಸಾಕು, ಮೈಕಮ್ಮ ತಲೆಯಾಡಿಸಿದಳು. ತಂಗಿಯೂ ಹೇಳಿದಳು, "ಒಳ್ಳೇದು ಅಕ್ಕ, ಹಾಕಿಸ್ಕೋ. ಕತ್ತರಿ ತಪ್ಪಿತಲ್ಲ."

ಎಕ್ಸ್‌ರೇ ಕೋಣೆಯ ತಣ್ಣನೆಯ ಹಲಗೆಯ ಮೇಲೆ ಒಂದೂಕಾಲು ಗಂಟೆ. ಮೂಗು ಉರಿದು, ಗಂಟಲು ಒತ್ತಿ, ಕಣ್ಣು ಮೂಗು ಒಂದಾಗಿ ಸುರಿದವು. "ನುಂಗಿ, ನುಂಗಿ" ಅನ್ನುತ್ತಿದ್ದರು. ನುಂಗುವುದು ಆಕೆಗೆ ಗೊತ್ತಿತ್ತು. ಆದರೆ ಆಮೇಲೆ ಬಾಯಿ ತೆರೆದರೆ ಹೊರಟ ಧ್ವನಿ ತನ್ನದಲ್ಲ, ಮುಚ್ಚಿದ ಡಬ್ಬಿಯೊಳಗಿಂದ ಯಾರೋ ಮಾತಾಡಿದಂತಿತ್ತು. ಗಂಡನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಆಕೆ ಚೀಟಿಯಲ್ಲಿ ಬರೆದು ತೋರಿಸತೊಡಗಿದಳು.

ನಳಿಕೆ ದಿನದಿನವೂ ಒಳಗೆ ಇಳಿಯುತ್ತಿತ್ತು. ನರ್ಸು ಬೆಳಿಗ್ಗೆ ಬಂದು ಮೂಗಿನ ಬಳಿಯ ಪ್ಲಾಸ್ಟರು ಬಿಚ್ಚಿ, ಸ್ವಲ್ಪ ಒಳಕ್ಕೆ ಬಿಟ್ಟು, ಮತ್ತೆ ಅಂಟಿಸಿ ಹೋಗುವಳು. ಮಂಚಕ್ಕೆ ಕಟ್ಟಿದ ಚೀಲದಲ್ಲಿ ಹಸಿರು ನೀರು ತುಂಬುತ್ತಿತ್ತು. ಬಾಯಿಗೆ ಏನೂ ಇಲ್ಲ. ತುಟಿ ಒಣಗಿದರೆ ಒದ್ದೆ ಹತ್ತಿ, ಅಷ್ಟೇ. ಕೈಗೆ ಚುಚ್ಚಿದ ಗ್ಲೂಕೋಸು ಜೀವ ಹಿಡಿದಿತ್ತು. ಹಸಿವು ಮಾತ್ರ ಹೊಟ್ಟೆಯಲ್ಲಿರದೆ ಮೂಗಿಗೆ ಬಂದಿತ್ತು. ಯಾರ ತಟ್ಟೆಯಲ್ಲಿ ಮೊಟ್ಟೆ, ಯಾರದ್ದರಲ್ಲಿ ಬ್ರೆಡ್ಡು ಎಂದು ಕಣ್ಣು ಮುಚ್ಚಿಯೇ ಹೇಳಬಲ್ಲವಳಾಗಿದ್ದಳು. ಪಕ್ಕದ ಹದಿನೈದನೇ ಮಂಚದಲ್ಲಿ ಪಿತ್ತಕೋಶದ ಆಪರೇಷನ್ನಿಗೆ ಬಂದಿದ್ದ ಒಬ್ಬ ಅಜ್ಜಿ. ಕೂತಲ್ಲಿ ಮಲಗಿದಲ್ಲಿ ಸ್ವೆಟರು ಹೆಣೆಯುತ್ತಾ, ನಡುನಡುವೆ ಬಿಸ್ಕತ್ತು ಕಡಿಯುತ್ತಾ ಇರುವಳು. ಮೈಕಮ್ಮನ ಕಡೆ ಬೆನ್ನು ತಿರುಗಿಸಿಕೊಂಡು ತಿನ್ನುವಳು. "ನಿನ್ನೆದುರು ತಿನ್ನೋಕೆ ಮನಸ್ಸು ಬರಲ್ಲ ತಾಯಿ, ತಿನ್ನದೆ ಇರೋಕೂ ಆಗಲ್ಲ" ಅನ್ನುವಳು.

ಆರನೇ ದಿನ ಬೆಳಿಗ್ಗೆ, ಡಾಕ್ಟರುಗಳು ಸುತ್ತು ಬಂದ ಹೊತ್ತಿಗೇ, ಮೈಕಮ್ಮನಿಗೆ ಗಾಳಿ ಹೋಯಿತು. ಸಣ್ಣದಾಗಿ ಅಲ್ಲ. ಕನ್ನಡಕದ ಡಾಕ್ಟರು ಚಪ್ಪಾಳೆ ತಟ್ಟಿಬಿಟ್ಟ. ನರ್ಸು ನಕ್ಕಳು, ಅಜ್ಜಿ ಸೂಜಿ ಕೆಳಗಿಟ್ಟು, "ಹೊರಟಿತಪ್ಪಾ ಮೊದಲ ಬಸ್ಸು" ಎಂದಳು. ಇಡೀ ವಾರ್ಡು ನಕ್ಕಿತು. ಮೈಕಮ್ಮ ನಾಚಿಕೆಯಿಂದ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು, ಅಲ್ಲೇ ಸಂತೋಷಕ್ಕೆ ಅತ್ತಳು. ದಾರಿ ಬಿಚ್ಚಿತ್ತು. ಆಕೆಯ ಪಾಲಿನ ಕೊನೆಯ ಒಳ್ಳೆಯ ಬೆಳಗು ಅದು.

ಹತ್ತನೇ ದಿನ ನಳಿಕೆ ತೆಗೆದರು. ನಿಧಾನವಾಗಿ, ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕೆಂದು ದೊಡ್ಡ ಡಾಕ್ಟರು ಹಿಂದಿನ ದಿನ ಹೇಳಿದ್ದು ಆಕೆಗೆ ಕೇಳಿಸಿತ್ತು. ತೆಗೆಯಲು ಬಂದವನು ಬೇರೆ ಡ್ಯೂಟಿಯವನು, ಹೊಸಬ. ಅವನು ಅವಸರ ಮಾಡಿದನೆಂದು ಆಣೆಯಿಟ್ಟು ಹೇಳಲಾರೆ ಎಂದು ಮೈಕಮ್ಮ ಮುಂದೆ ಎಷ್ಟೋ ಸಲ ಹೇಳಿದ್ದಾಳೆ. ಆದರೆ ಅರ್ಧ ನಳಿಕೆ ಹೊರಗೆ ಬಂದಾಗ ಹೊಟ್ಟೆಯ ಎಡಗಡೆ, ಮೇಲ್ಭಾಗದಲ್ಲಿ, ಲಾಡಿ ಎಳೆದಾಗ ಬಟ್ಟೆ ನೆರಿಗೆಗಟ್ಟುವ ಹಾಗೆ ಏನೋ ಒಟ್ಟಾಗಿ ಸರಿದದ್ದು ಆಕೆಗೆ ತಿಳಿಯಿತು. "ಏನೋ ಎಳೀತು" ಎಂದಳು. "ಹಾಗೇ ಅನ್ಸುತ್ತೆ, ಆಯ್ತು ಆಯ್ತು" ಎಂದನವನು.

ಆ ದಿನ ಸಂಜೆ ಅರ್ಧ ಲೋಟ ಬೆಚ್ಚನೆಯ ನೀರು. ಮರುದಿನ ತಿಳಿ ಸೂಪು, ನಾಲ್ಕು ಚಮಚ. ಗಂಡ ಎದುರಿಗೆ ಕೂತು ಚಮಚ ಎತ್ತಿದಾಗಲೆಲ್ಲಾ ತಾನೂ ಬಾಯಿ ತೆರೆಯುತ್ತಿದ್ದ. ಅದರ ಮಾರನೆಯ ಬೆಳಿಗ್ಗೆ ಅಜ್ಜಿಗೆ ಮನೆಗೆ ಹೋಗಲು ಚೀಟಿ ಸಿಕ್ಕಿ ಮಂಚ ಖಾಲಿಯಾಯಿತು. ಒಂದು ಗಂಟೆಯೂ ಕಳೆದಿರಲಿಲ್ಲ, ಮೈಕಮ್ಮನಿಗೆ ಮತ್ತೆ ನೋವು ಬಂತು. ಈ ಸಲದ ನೋವೇ ಬೇರೆ. ಹಿಂದಿನದು ಹಿಂಡುತ್ತಿತ್ತು, ಇದು ಒಳಗಿನಿಂದ ನುಂಗುತ್ತಿತ್ತು. ಹಸಿರು ವಾಂತಿಯಾಯಿತು.

ಮಧ್ಯಾಹ್ನ ಅಂಗಡಿಯ ಬಿಡುವಿನಲ್ಲಿ ತಂಗಿ ಬಂದಳು. ಅಕ್ಕನ ಹಾಸಿಗೆ ಕೊಳೆಯಾಗಿದ್ದು ನೋಡಿ, ಆಯಾಳಿಗೆ ಕಾಯದೆ ತಾನೇ ಬಟ್ಟೆ ಬದಲಿಸಲು ಹೊರಟಳು. ಹಾಸಿಗೆಯ ಅಂಚು ಎತ್ತಿದರೆ ಕೆಳಗೆ ಮಡಚಿ ತುರುಕಿದ್ದ ಬಿಸ್ಕತ್ತಿನ ಪೊಟ್ಟಣ, ಖಾಲಿ. ಹಾಳೆಯ ಮೂಲೆಯಲ್ಲಿ ಚೂರು ಪುಡಿ.

"ಅಕ್ಕಾ, ಏನಿದು?"

ಮೈಕಮ್ಮ ನೋಡಿದಳು. "ನಂದಲ್ಲ."

"ನಿನ್ನ ಹಾಸಿಗೆ ಕೆಳಗಿದೆ."

"ನಂದಲ್ಲ ಕಣೇ. ನಾನು ಏನೂ ತಿಂದಿಲ್ಲ."

"ಹತ್ತು ದಿನ ಹಸ್ಕೊಂಡಿದ್ದೋಳು ನೀನು. ತಿಂದಿದ್ರೆ ನಾನೇನು ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಹೇಳು. ಹೇಳದೇ ಇದ್ರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?"

"ತಿಂದಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

ತಂಗಿ ಪೊಟ್ಟಣ ಹಿಡಿದುಕೊಂಡು ನೇರ ನರ್ಸಿನ ಮೇಜಿಗೆ ಹೋದಳು. ಔಷಧಿ ಅಂಗಡಿಯವಳೆಂದು ಅಲ್ಲಿ ಎಲ್ಲರಿಗೂ ಗೊತ್ತು, ಅವಳ ಮಾತಿಗೆ ತೂಕವಿತ್ತು. ಅದು ಕೇಸ್ ಶೀಟಿನಲ್ಲಿ ದಾಖಲಾಯಿತು: ರೋಗಿ ಗಟ್ಟಿ ಆಹಾರ ಸೇವಿಸಿದ್ದಾರೆ. ಡ್ಯೂಟಿ ಡಾಕ್ಟರು ಬಂದು ಅದನ್ನೇ ಓದಿ, ಹೊಟ್ಟೆಯ ಮೇಲೆ ಎರಡು ಬೆರಳು ಇಟ್ಟು, "ಅವಸರ ಮಾಡಿದ್ರಲ್ಲಮ್ಮ. ಈಗ ಮತ್ತೆ ಬಾಯಿ ಕಟ್ಟಿ, ಒಂದು ದಿನ ನೋಡೋಣ" ಎಂದು ನೋವಿನ ಇಂಜೆಕ್ಷನ್ ಬರೆದ.

"ಡಾಕ್ಟ್ರೇ, ನಳಿಕೆ ತೆಗೆಯುವಾಗ ಏನೋ ಎಳೀತು," ಎಂದಳು ಆಕೆ. ಗಂಟಲಿನ ಹುಣ್ಣಿನಿಂದ ಧ್ವನಿ ಇನ್ನೂ ಗಾಳಿಯಂತಿತ್ತು. ಅವನು ಆಗಲೇ ಮುಂದಿನ ಮಂಚಕ್ಕೆ ಹೋಗಿದ್ದ.

ಸಂಜೆ ಡಿಪೋ ಬಿಟ್ಟು ಗಂಡ ಬಂದ. ಬಾಗಿಲಲ್ಲೇ ತಂಗಿ ಅವನಿಗೆ ಎಲ್ಲಾ ಹೇಳಿದ್ದಳು. ಅವನು ಕುರ್ಚಿ ಎಳೆದು ಕೂತು, ಹೆಂಡತಿಯ ಕೈ ಹಿಡಿದುಕೊಂಡು, ತನಗೆ ತಿಳಿದಷ್ಟು ಮೆತ್ತಗೆ ಹೇಳಿದ, "ತಿಂದಿದ್ರೆ ತಿಂದೆ ಅನ್ನು. ಯಾರು ಹೊಡೀತಾರೆ?" ಕಿವಿ ಮಂದದವನ ಮೆತ್ತಗಿನ ಮಾತು ಇಡೀ ವಾರ್ಡಿಗೆ ಕೇಳಿಸಿತು.

ಮೈಕಮ್ಮ ಚೀಟಿ ತೆಗೆದುಕೊಂಡು "ತಿಂದಿಲ್ಲ" ಎಂದು ಬರೆದಳು. ಅವನು ಓದಿ, ಮಡಚಿ ಜೇಬಿಗಿಟ್ಟುಕೊಂಡು, "ಆಯ್ತು ಬಿಡು" ಎಂದ. ನಂಬಿದವರು ಹೇಳುವ ಆಯ್ತು ಅದಲ್ಲ. ಇಪ್ಪತ್ತೊಂದು ವರ್ಷ ಏಳನೇ ಪ್ಲಾಟ್‌ಫಾರ್ಮ್ ಅಂದರೆ ನೂರಾರು ಜನ ಗಂಟುಮೂಟೆ ಎತ್ತಿಕೊಂಡು ಏಳಕ್ಕೇ ಓಡುತ್ತಿದ್ದರು, ಒಬ್ಬರೂ ಹೌದಾ ಎಂದು ಕೇಳಿರಲಿಲ್ಲ. ಈಗ ತನ್ನವರಿಬ್ಬರನ್ನು ಒಂದು ಮಾತು ನಂಬಿಸಲು ಆಕೆಯಿಂದ ಆಗಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ಇಂಜೆಕ್ಷನ್ನು ನೋವಿನ ಮೇಲೆ ತೆಳ್ಳಗೆ ಒಂದು ಪರದೆ ಎಳೆಯಿತು. ಪರದೆಯ ಹಿಂದೆ ಅದು ತನ್ನ ಕೆಲಸ ತಾನು ಮಾಡುತ್ತಲೇ ಇತ್ತು.

ಮರುದಿನ ಮಧ್ಯಾಹ್ನ ದೊಡ್ಡ ಡಾಕ್ಟರು ಸುತ್ತು ಬಂದರು. ಕೇಸ್ ಶೀಟು ನೋಡುವ ಮೊದಲು ಹೊಟ್ಟೆ ನೋಡಿದರು. ಎಡಗಡೆ ಒತ್ತಿದ ಕೈ ಅಲ್ಲೇ ನಿಂತಿತು. ಅಲ್ಲೊಂದು ಗಂಟು, ಗೇಣುದ್ದ. "ಯಾವಾಗಿಂದ ಇದು?" ಎಂದು ಕೇಳಿದರು. ಅರ್ಧ ಗಂಟೆಯಲ್ಲಿ ಸ್ಕ್ಯಾನು, ಇನ್ನರ್ಧ ಗಂಟೆಯಲ್ಲಿ ಸಹಿ. ಯಾವ ಕತ್ತರಿಗೆ ಹೆದರಿ ಮೂಗಿನಲ್ಲಿ ನಳಿಕೆ ಹಾಕಿಸಿಕೊಂಡಿದ್ದಳೋ ಅದೇ ಕತ್ತರಿಯ ಕೆಳಗೆ ಹೋದಳು.

ಆಗಿದ್ದು ಏನೆಂದು ಕನ್ನಡಕದ ಡಾಕ್ಟರು ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡನಿಗೂ ತಂಗಿಗೂ ತನ್ನ ಕೋಟಿನ ತೋಳು ಹಿಡಿದು ತೋರಿಸಿದ. ತೋಳಿನ ಒಂದು ಭಾಗವನ್ನು ಇನ್ನೊಂದು ಭಾಗದೊಳಗೆ ತುರುಕಿದ. "ಹೀಗೆ. ಕರುಳು ತನ್ನೊಳಗೆ ತಾನೇ ನುಗ್ಗಿತ್ತು. ಚಿಕ್ಕ ಮಕ್ಕಳಲ್ಲಿ ನೋಡ್ತೀವಿ, ದೊಡ್ಡವರಲ್ಲಿ ಅಪರೂಪ. ಉದ್ದ ನಳಿಕೆ ಹಾಕಿದವರಲ್ಲಿ ಒಮ್ಮೊಮ್ಮೆ ಆಗುತ್ತೆ. ನಳಿಕೆ ಮೇಲೆ ಕರುಳು ನೆರಿಗೆ ಬಿದ್ದಿರುತ್ತೆ, ತೆಗೆದ ಮೇಲೂ ಅದು ಸರಿಯಾಗಿ ಬಿಚ್ಚಿಕೊಳ್ಳಲ್ಲ. ಒಳಗೆ ಸಿಕ್ಕಿಕೊಂಡ ಭಾಗಕ್ಕೆ ರಕ್ತ ಹೋಗದೆ ಕಪ್ಪಾಗಿತ್ತು. ಒಂದೂವರೆ ಮೀಟರು ತೆಗೀಬೇಕಾಯ್ತು."

"ಬಿಸ್ಕತ್ತು ತಿಂದಿದ್ದಕ್ಕಾ?" ಎಂದಳು ತಂಗಿ.

"ಯಾವ ಬಿಸ್ಕತ್ತು? ತಿಂದಿದ್ರೂ ಅದರಿಂದ ಆಗೋದಲ್ಲ ಇದು."

ತಂಗಿ ಮತ್ತೆ ಕೇಳಿದಳು, "ನಿನ್ನೆ ಮಧ್ಯಾಹ್ನವೇ ಮಾಡಿದ್ರೆ?"

ಡಾಕ್ಟರು ತೋಳನ್ನು ಸರಿಮಾಡಿಕೊಂಡ. "ಹೇಳೋಕಾಗಲ್ಲ" ಎಂದ. ಅವನು ಮುಖ ನೋಡದೆ ಹೇಳಿದ್ದರಿಂದ ಅವಳಿಗೆ ಉತ್ತರ ಸಿಕ್ಕಿತು.

ದುರ್ದೆಸೆ ಅಲ್ಲಿಗೆ ಬಿಡಲಿಲ್ಲ. ಐದನೇ ದಿನ ಕರುಳಿನ ಹೊಲಿಗೆ ಸೋರಿತು. ಜ್ವರ ಏರಿ, ಹೊಟ್ಟೆ ಹಲಗೆಯಾಯಿತು. ಮತ್ತೆ ತೆರೆದರು. ಉಳಿದಿದ್ದರಲ್ಲಿ ಬಹುಪಾಲು ಕೊಳೆತು, ಬಿಡಿಸಲಾಗದಂತೆ ಅಂಟಿಕೊಂಡಿತ್ತು, ಅದನ್ನೂ ತೆಗೆದರು. ಕೊನೆಗೆ ಆಕೆಗೆ ಉಳಿದ ಸಣ್ಣ ಕರುಳು ಎರಡೂವರೆ ಅಡಿ. ಇರಬೇಕಾದದ್ದು ಇಪ್ಪತ್ತು ಅಡಿ. ತಿಂದದ್ದು ಮೈಗೆ ಹತ್ತಲು ಅಷ್ಟು ಸಾಲದು, ರಕ್ತನಾಳದಿಂದಲೇ ಊಟ ಹೋಗಬೇಕು ಎಂದರು. ಎಷ್ಟು ದಿನ ಎಂದು ಗಂಡ ಕೇಳಿದ. ಅವನಿಗೆ ಉತ್ತರ ಕೇಳಿಸಲಿಲ್ಲ. ಮತ್ತೊಮ್ಮೆ, ಜೋರಾಗಿ ಹೇಳಬೇಕಾಯಿತು: "ಇರೋ ತನಕ."

ಎರಡನೇ ಆಪರೇಷನ್ ಆದ ಎಂಟನೇ ದಿನ, ಭೇಟಿಯ ಹೊತ್ತಿನಲ್ಲಿ, ಸ್ವೆಟರಿನ ಅಜ್ಜಿ ಗಾಯ ತೋರಿಸಲು ಬಂದವಳು ವಾರ್ಡಿಗೂ ಬಂದಳು. ಮಂಚದ ಮೇಲಿದ್ದದ್ದನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. ಏನು ಹೇಳಬೇಕೆಂದು ತಿಳಿಯದೆ ಹಳೆಯ ಮಾತು ತೆಗೆದಳು. "ನಾನು ಹೋದ್ಮೇಲೆ ಆಯಾ ನಿನ್ನ ಬೈದ್ಲಾ ತಾಯಿ? ಕಸ ನೋಡಿದ್ರೆ ಉರ್ಕೊಳ್ತಾಳೆ ಅಂತ ನನ್ನ ಬಿಸ್ಕತ್ತಿನ ಪೊಟ್ಟಣ ನಿನ್ನ ಹಾಸಿಗೆ ಕೆಳಗೆ ತುರುಕಿದ್ದೆ. ಹೊರಡೋ ಗಡಿಬಿಡೀಲಿ ತೆಗೆಯೋದೇ ಮರೆತೆ."

ತಂಗಿ ಮಂಚದ ಆ ಕಡೆ ನಿಂತು ಬಾಟಲಿಯ ಹನಿ ಎಣಿಸುತ್ತಿದ್ದಳು. ಎಣಿಸುವುದು ನಿಂತಿತು. ಮೈಕಮ್ಮ ಕಣ್ಣು ತೆರೆದು ತಂಗಿಯನ್ನು ನೋಡಿದಳು. ಗೆದ್ದಂತೆ ಅನಿಸಬೇಕಿತ್ತೇನೋ. ಏನೂ ಅನಿಸಲಿಲ್ಲ. ನಿಜ ಯಾವ ಹೊತ್ತಿಗೆ ಬೇಕಿತ್ತೋ ಆ ಹೊತ್ತು ಕಳೆದುಹೋಗಿತ್ತು.

ನಾಲ್ಕು ತಿಂಗಳ ಮೇಲೆ ಮನೆಗೆ ಬಂದಳು. ತೂಕ ಅರ್ಧವಾಗಿತ್ತು, ನಳಿಕೆಗಳು ಉಜ್ಜಿದ ಗಂಟಲಿಗೆ ಹಳೆಯ ಧ್ವನಿ ಮರಳಿರಲಿಲ್ಲ. ಬಚ್ಚಲಿಗೆ ಹತ್ತಿರವೆಂದು ಅಡುಗೆಮನೆಯ ಪಕ್ಕದ ಚಿಕ್ಕ ಕೋಣೆಗೆ ಮಂಚ ಬಂತು. ಗಂಡ ಹಳೇ ಬಸ್ಸಿನ ಹಿಡಿಕೆ ಸರಳು ತಂದು ಬೆಸೆದು ಚೀಲ ನೇತುಹಾಕುವ ಸ್ಟ್ಯಾಂಡು ಮಾಡಿದ. ಸಂಜೆ ಏಳಕ್ಕೆ ಎದೆಯ ರಕ್ತನಾಳಕ್ಕೆ ಹಾಕಿದ್ದ ನಳಿಕೆಗೆ ಹಾಲುಬಣ್ಣದ ಊಟದ ಚೀಲ ಜೋಡಿಸಿದರೆ ಬೆಳಿಗ್ಗೆ ಏಳಕ್ಕೆ ಬಿಚ್ಚುವುದು. ಜೋಡಿಸುವಾಗ ಒಂದು ಕಣ ಕೊಳೆ ಹೋದರೂ ರಕ್ತವೇ ಕೆಡುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಗಂಡನ ಕೈಗೆ ಗ್ರೀಸು ಹಿಡಿದು ಮೂವತ್ತು ವರ್ಷ, ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಕೆಲಸ ಬಲ್ಲ ಕೈ ಇದ್ದದ್ದು ಒಬ್ಬಳಿಗೇ.

ತಂಗಿ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ತಪ್ಪದೆ ಬಂದಳು. ಮೊಳಕೈವರೆಗೆ ತೊಳೆದು, ಮುಖಕ್ಕೆ ಬಟ್ಟೆ ಕಟ್ಟಿ, ಉಸಿರು ಹಿಡಿದು ಜೋಡಿಸುವಳು. ಯಾವ ಬಾಯಿ ಆ ದಿನ ನರ್ಸಿನ ಮೇಜಿಗೆ ಹೋಗಿ ಮಾತಾಡಿತ್ತೋ ಆ ಬಾಯಿ ಈಗ ಬಟ್ಟೆಯ ಹಿಂದೆ. ಮೈಕಮ್ಮ ಅವಳ ಕಣ್ಣನ್ನು ನೋಡದೆ ಚಾವಣಿ ನೋಡುವಳು. ದಿನಕ್ಕೆರಡು ಸಲ, ತನ್ನ ಜೀವವನ್ನು ಅದೇ ಕೈಗೆ ಕೊಡಬೇಕು, ಬೇರೆ ಗತಿಯಿಲ್ಲ.

ತಿನ್ನಬಾರದೆಂದೇನೂ ಇರಲಿಲ್ಲ. ತಿನ್ನಬಹುದಿತ್ತು. ಬ್ರೆಡ್ಡಿನ ತುಂಡು, ಮೊಟ್ಟೆ, ಬೇಯಿಸಿದ ಆಲೂಗಡ್ಡೆ. ತಿಂದ ಮುಕ್ಕಾಲು ಗಂಟೆಗೆ ಬಚ್ಚಲಿಗೆ ಓಡಬೇಕು, ತಿಂದದ್ದು ತಿಂದ ಹಾಗೇ ಹೋಗುತ್ತಿತ್ತು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಕೂತು ಕೂತು ಚರ್ಮ ಕಿತ್ತು ಹುಣ್ಣಾಯಿತು. ಕೊನೆಗೆ ಆಕೆಗೆ ತಟ್ಟೆ ಕಂಡರೆ ಭಯವಾಗತೊಡಗಿತು. ಗಂಡ ಅಡುಗೆಮನೆಯಲ್ಲಿ ನಿಂತೇ, ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದ.

ಒಂದು ದಿನ ಹಠ ಮಾಡಿ ಆಟೋ ಹತ್ತಿ ಬಸ್ ನಿಲ್ದಾಣಕ್ಕೆ ಹೋದಳು. ಆಕೆ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಯಂತ್ರ ಬಂದಿತ್ತು. ಯಾವುದೋ ಹೆಣ್ಣಿನ ರೆಕಾರ್ಡು ಮಾಡಿದ ಧ್ವನಿ ಅಂಕಿಗಳನ್ನು ತುಂಡು ತುಂಡಾಗಿ ಜೋಡಿಸಿ ಹೇಳುತ್ತಿತ್ತು. ಮೇಲಿನ ಗಾಜಿನ ಗೂಡಿನಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿದ್ದು ಕೆಳಗಿನಿಂದಲೇ ಕಾಣುತ್ತಿತ್ತು. ಮೈಕಮ್ಮ ಕೌಂಟರಿನ ಮುಂದೆ ಹೋಗಿ ನಿಂತಳು. ಒಳಗಿದ್ದವನು ಹನ್ನೊಂದು ವರ್ಷ ಮೆಟ್ಟಿಲ ಕೆಳಗಿನಿಂದ ಕೂಗಿ ಆಕೆಗೆ ಚಹಾ ಬಂದಿದೆಯೆಂದು ತಿಳಿಸುತ್ತಿದ್ದ ಗುಮಾಸ್ತ. ಅವನು ತಲೆಯೆತ್ತಿ ನೋಡಿ, "ಯಾವ ಊರಿಗೆ ಹೋಗ್ಬೇಕಮ್ಮ?" ಎಂದ.

ಹೆಸರು ಹೇಳೋಣವೆಂದು ಉಗುಳು ನುಂಗಿ ಬಾಯಿ ತೆರೆದಳು. ಗಂಟಲಿನಿಂದ ಬಂದದ್ದು ಒಂದು ಸೀಳು ಸದ್ದು. "ಸ್ವಲ್ಪ ಜೋರಾಗಿ ಹೇಳಿ," ಎಂದನವನು, ಕಿವಿಯ ಹಿಂದೆ ಕೈ ಹಿಡಿದು. "ಏನಿಲ್ಲ" ಎಂದು ಕೈಸನ್ನೆ ಮಾಡಿ ವಾಪಸ್ಸಾದಳು. ಆಮೇಲೆ ಎಲ್ಲಿಗೂ ಹೋಗಲಿಲ್ಲ.

ಆ ಸಂಜೆ ಚೀಲ ಜೋಡಿಸಿ ಮುಗಿದ ಮೇಲೆ ತಂಗಿ ಹೋಗಲಿಲ್ಲ. ಮುಖದ ಬಟ್ಟೆ ಬಿಚ್ಚಿ ಕೈಯಲ್ಲಿ ಮುದ್ದೆ ಮಾಡಿಕೊಂಡು ಮಂಚದ ಕಾಲ ಬಳಿ ಕೂತಳು. ಒಂದು ವರ್ಷದಿಂದ ಆಡದೆ ಉಳಿದದ್ದು ಹೊರಗೆ ಬಂತು.

"ನಾನು ಮಾಡಿದ್ದು ತಪ್ಪು ಅಕ್ಕ. ಬೇಕೂಂತ ಮಾಡ್ಲಿಲ್ಲ. ನಿನ್ನ ಒಳ್ಳೇದಕ್ಕೇ ಅಂದ್ಕೊಂಡೆ. ಇದೊಂದು ಹೊಟ್ಟೆಗೆ ಹಾಕ್ಕೊಂಡು ನನ್ನ ಕ್ಷಮಿಸಿಬಿಡು."

ಮೈಕಮ್ಮ ಬಹಳ ಹೊತ್ತು ಚಾವಣಿ ನೋಡಿದಳು. ಆಮೇಲೆ ಆ ಸೀಳು ಧ್ವನಿಯಲ್ಲಿ, ಸಿಟ್ಟಿಲ್ಲದೆ, ನಿಜವಾಗಿ ತಿಳಿಯದವಳ ಹಾಗೆ ಕೇಳಿದಳು, "ಯಾವ ಹೊಟ್ಟೆಗೆ ಹಾಕ್ಕೊಳ್ಳಲೇ?"

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಮೈಕಮ್ಮನಿಗೆ ಕೈ ಚಾಚಿ ಅವಳ ತಲೆ ಮುಟ್ಟಬೇಕೆನಿಸಿತು. ಚಾಚಲಿಲ್ಲ. ಕೈಯಲ್ಲಿ ಶಕ್ತಿ ಇರಲಿಲ್ಲವೋ ಮನಸ್ಸಿನಲ್ಲಿ ಇರಲಿಲ್ಲವೋ, ಆಕೆಗೇ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ತಂಗಿ ಬಂದು, ಕೈ ತೊಳೆದು, ಚೀಲ ಬಿಚ್ಚಿದಳು. ಇಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ.

ಆಮೇಲಿನದು ಜ್ವರಗಳ ಕಥೆ. ಎಷ್ಟು ಉಸಿರು ಹಿಡಿದು ಜೋಡಿಸಿದರೂ ಎದೆಯ ನಳಿಕೆಗೆ ಎರಡು ಸಲ ಸೋಂಕು ತಗುಲಿತು. ಎರಡೂ ಸಲ ಮೈ ನಡುಗಿ, ಹಲ್ಲು ಕಟಕಟಿಸಿ, ಆಸ್ಪತ್ರೆಗೆ ಓಡಿ, ಹಳೆಯದನ್ನು ತೆಗೆಸಿ ಹೊಸದು ಹಾಕಿಸಿಕೊಂಡು ಬಂದದ್ದಾಯಿತು. ಎರಡನೇ ಸಲ ಬಂದಾಗ ಕಣ್ಣು ಹಳದಿಯಾಗಿತ್ತು. ಯಕೃತ್ತು ಸೋಲುತ್ತಿದೆ ಎಂದರು. ಚೀಲದ ಊಟ ಬದುಕಿಸುತ್ತಲೇ ಒಳಗೊಳಗೆ ಕೊಲ್ಲುತ್ತಿತ್ತು. "ಬೇರೆ ಏನಾದ್ರೂ ಇದೆಯಾ?" ಎಂದು ಗಂಡ ಕೇಳಿದ್ದಕ್ಕೆ ಕನ್ನಡಕದ ಡಾಕ್ಟರು ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕರುಳು ಕಸಿ ಮಾಡುವುದುಂಟು ಎಂದ. ಆದರೆ ಈ ಮೈ ಅಷ್ಟು ದೂರದ ಪ್ರಯಾಣವನ್ನೂ ತಡೆಯಲಾರದು ಎಂದು ಅವನೇ ಸೇರಿಸಿದ.

ಮೂರನೇ ಜ್ವರ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಆಂಬುಲೆನ್ಸಿಗೆ ಕಾಯುತ್ತಿದ್ದಾಗ ಗಂಡ ಮಂಚದ ಅಂಚಿಗೆ ಕೂತು ಆಕೆಯ ಬಾಯಿಗೆ ಕಿವಿ ಹಚ್ಚಿದ. ಆಕೆ ಏನೋ ಹೇಳಿದಳು. "ಏನು?" ಎಂದ. ಮತ್ತೊಮ್ಮೆ ಹೇಳಿದಳು. ಅವನು ತಂಗಿಯ ಕಡೆ ತಿರುಗಿದ. ಅವಳಿಗೂ ತಿಳಿಯಲಿಲ್ಲ. ನೀರು ಬೇಕು ಅಂದಳೋ, ಬೇಡ ಅಂದಳೋ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಆಕೆಗೆ ಆಗ ನಲವತ್ತೊಂಬತ್ತು ತುಂಬಿರಲಿಲ್ಲ.

ಎಲ್ಲಾ ಮುಗಿದ ಮೇಲೆ ಮನೆಯಲ್ಲಿ ಆ ತಿಂಗಳ ಚೀಲಗಳು ಉಳಿದಿದ್ದವು. ಫ್ರಿಜ್ಜಿನ ತುಂಬ, ಹತ್ತೊಂಬತ್ತು. ಇಂಥದೇ ಕಾಯಿಲೆಯ ಇನ್ನೊಬ್ಬರಿಗೆ ಆಗಲಿ ಎಂದು ತಂಗಿ ಅವನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದಳು. ಒಬ್ಬರ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಬರುವುದಿಲ್ಲ, ಮನೆಗೆ ಹೋದದ್ದನ್ನು ವಾಪಸ್ ತೆಗೆದುಕೊಳ್ಳುವುದೂ ಇಲ್ಲ ಎಂದರು. ಹೊತ್ತುಕೊಂಡು ಹಿಂದಕ್ಕೆ ಬಂದಳು.

ಮೈಕಮ್ಮನ ಗಂಡ ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚೀಲದ ಮೂಲೆ ಕತ್ತರಿಸಿ ಸುರಿಯತೊಡಗಿದ. ತಂಗಿ ಎತ್ತಿ ಎತ್ತಿ ಕೊಟ್ಟಳು. ಬೆಳ್ಳಗಿನ ದಪ್ಪ ನೀರು ಕಲ್ಲಿನ ಮೇಲೆ ಹರಡಿ, ಸುಳಿ ಸುತ್ತಿ, ತೂತಿನಲ್ಲಿ ಇಳಿದುಹೋಗುತ್ತಿತ್ತು. ಏಳನೆಯದಕ್ಕೋ ಎಂಟನೆಯದಕ್ಕೋ ನೀರು ನಿಂತುಕೊಂಡಿತು. ಅವನು ಕತ್ತರಿ ಕೆಳಗಿಟ್ಟು, ಇಳಿಯಲಿ ಎಂದು ಕಾಯುತ್ತಾ ಕೂತ. ಅವಳೂ ಮುಂದಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಳು.